ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು? ಫ್ಲೈಟ್ ಡಿಸ್ಪ್ಯಾಚರ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಹೊರಡುವ ಕೆಲವು ಗಂಟೆ ಮೊದಲು ಅದು ಯಾವ ದಾರಿ ಹಿಡಿಯಬೇಕು, ಎಷ್ಟು ಎತ್ತರದಲ್ಲಿ ಹಾರಬೇಕು, ಎಷ್ಟು ಇಂಧನ ತುಂಬಬೇಕು ಅಂತ ಲೆಕ್ಕ ಹಾಕಿ ಪೈಲಟ್‌ಗೆ ಪ್ಲಾನ್ ಕೊಡುವುದು ನನ್ನ ಕೆಲಸ. ನಾನು ನೋಡಿಕೊಳ್ಳುವುದು ಹೆಚ್ಚಾಗಿ ಹತ್ತು ಗಂಟೆ ಮೀರಿದ ಹಾರಾಟಗಳನ್ನೇ. ದೂರ, ಸಮಯ, ದಾರಿ ಇವುಗಳ ಬಗ್ಗೆ ಏನು ಬೇಕಾದರೂ ಕೇಳಿ.

ಪ್ರಶ್ನೆ: ಮೇಡಂ, ಲಂಡನ್ ಹೀತ್ರೂನಿಂದ ನ್ಯೂಯಾರ್ಕ್ ಜೆಎಫ್‌ಕೆಗೆ ಎಷ್ಟು ದೂರ ಅಂತ ಹುಡುಕಿದೆ. ಒಂದು ಕಡೆ 5,540 ಅಂತಿದೆ, ಇನ್ನೊಂದು ಕಡೆ 3,440, ಮತ್ತೊಂದು ಕಡೆ 2,990. ಯಾವುದನ್ನು ನಂಬಲಿ?

ಉತ್ತರ: ಮೂರನ್ನೂ ನಂಬಬಹುದು. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ವಿಮಾನಯಾನದಲ್ಲಿ ನಾವು ಬಳಸುವುದು ನಾಟಿಕಲ್ ಮೈಲಿಯನ್ನೇ. ಒಂದು ನಾಟಿಕಲ್ ಮೈಲಿ ಅಂದರೆ ಸರಿಯಾಗಿ 1,852 ಮೀಟರ್. ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ಮಿನಿಟು ಇರುತ್ತದಲ್ಲ, ಆ ಒಂದು ಮಿನಿಟಿಗೆ ಭೂಮಿಯ ಮೇಲೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ. ಹಾಗಾಗಿ ನಕ್ಷೆಯ ಮೇಲೆ ಅಳೆಯುವುದು ಸುಲಭ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ ಕೆಲವು ಕಡೆ 5,540, ಕೆಲವು ಕಡೆ 5,555 ಅಂತ ಸಿಗುತ್ತದೆ. ಅದೂ ತಪ್ಪಲ್ಲ. ಭೂಮಿಯನ್ನು ಪೂರ್ತಿ ಗುಂಡು ಅಂತ ತಿಳಿದು 6,371 ಕಿ.ಮೀ. ತ್ರಿಜ್ಯ ಇಟ್ಟುಕೊಂಡರೆ ಒಂದು ಉತ್ತರ ಬರುತ್ತದೆ. ಧ್ರುವಗಳ ಹತ್ತಿರ ಭೂಮಿ ಸ್ವಲ್ಪ ಚಪ್ಪಟೆಯಾಗಿದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೊಂದು. ಹತ್ತು ಹದಿನೈದು ಕಿಲೋಮೀಟರ್ ಅಂದರೆ ಒಂದು ನಿಮಿಷದ ಹಾರಾಟ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಒಂದು ವಿಷಯ ಮಾತ್ರ ನೆನಪಿರಲಿ. ಈ ಅಂಕಿಗಳೆಲ್ಲ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿಯವು. ವಿಮಾನ ನಿಜವಾಗಿ ಹಾರುವ ದೂರ ಯಾವಾಗಲೂ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ರನ್‌ವೇ ಒಂದು ದಿಕ್ಕಿಗಿರುತ್ತದೆ, ಹೋಗಬೇಕಾದ ಊರು ಇನ್ನೊಂದು ದಿಕ್ಕಿಗೆ. ಏರುವುದಕ್ಕೂ ಇಳಿಯುವುದಕ್ಕೂ ಗೊತ್ತುಪಡಿಸಿದ ದಾರಿಗಳಿವೆ. ಅಷ್ಟರಲ್ಲೇ ಹತ್ತಾರು ಕಿಲೋಮೀಟರ್ ಸೇರಿಕೊಳ್ಳುತ್ತದೆ.

ಪ್ರಶ್ನೆ: ಸೀಟಿನ ಮುಂದಿನ ಪರದೆಯಲ್ಲಿ ನೋಡಿದರೆ ವಿಮಾನ ನೇರವಾಗಿ ಹೋಗದೆ ಮೇಲಕ್ಕೆ ಬಾಗಿ, ಧ್ರುವದ ಕಡೆ ಹೋಗಿ, ಮತ್ತೆ ಕೆಳಗೆ ಬರುತ್ತದೆ. ಇಷ್ಟು ಸುತ್ತು ಯಾಕೆ?

ಉತ್ತರ: ಅದು ಸುತ್ತಲ್ಲ, ಅದೇ ನೇರ ದಾರಿ. ಬಾಗಿರುವುದು ನಕ್ಷೆ. ಗುಂಡಗಿರುವ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವಗಳ ಹತ್ತಿರದ ಜಾಗ ವಿಪರೀತ ಹಿಗ್ಗುತ್ತದೆ. ನಾವು ಶಾಲೆಯಲ್ಲಿ ನೋಡಿದ ಗೋಡೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ನಿಜಕ್ಕೂ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು.

ಬೀಜಿಂಗ್ ಮತ್ತು ನ್ಯೂಯಾರ್ಕ್ ತೆಗೆದುಕೊಳ್ಳಿ. ಎರಡೂ ಹೆಚ್ಚುಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಡ್ಡ ಗೆರೆ ಎಳೆದು ಅದೇ ಗೆರೆಯ ಮೇಲೆ ಪೆಸಿಫಿಕ್ ದಾಟಿಕೊಂಡು ಹೋದರೆ ಸುಮಾರು 14,400 ಕಿ.ಮೀ. ಆಗುತ್ತದೆ. ಉತ್ತರ ಧ್ರುವದ ಹತ್ತಿರದಿಂದ ಹಾದುಹೋದರೆ ಸುಮಾರು 11,000 ಸಾಕು. ಉಳಿದದ್ದು 3,400 ಕಿ.ಮೀ., ಅಂದರೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಮನೆಯಲ್ಲಿ ಗ್ಲೋಬ್ ಇದ್ದರೆ ಈ ಎರಡು ಊರಿಗೂ ಒಂದು ದಾರ ಹಿಡಿದು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಮೇಲಕ್ಕೆ ಜಾರಿ ಧ್ರುವದ ಕಡೆ ಕೂರುತ್ತದೆ. ಮಕ್ಕಳಿಗೆ ತೋರಿಸಿ, ಒಂದೇ ಸಲಕ್ಕೆ ಅರ್ಥವಾಗುತ್ತದೆ.

ದಕ್ಷಿಣ ಗೋಳಾರ್ಧದಲ್ಲಿ ಇದೇ ಲೆಕ್ಕ ತಿರುಗುಮುರುಗು. ಸಿಡ್ನಿಯಿಂದ ಚಿಲಿಯ ಸ್ಯಾಂಟಿಯಾಗೋಗೆ ಹೋಗುವಾಗ ದಾರಿ ಅಂಟಾರ್ಕ್ಟಿಕಾದ ಕಡೆ ಬಾಗುತ್ತದೆ.

ಪ್ರಶ್ನೆ: ನನ್ನದು ಬಹಳ ದಿನದ ಅನುಮಾನ. ಹೋಗುವಾಗ ಎಂಟು ಗಂಟೆ, ಬರುವಾಗ ಏಳು ಗಂಟೆ. ದಾರಿ ಅದೇ, ವಿಮಾನವೂ ಅದೇ. ದೂರ ಏನು ಕಡಿಮೆಯಾಗುತ್ತಾ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ನಮ್ಮ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಸಾಮಾನ್ಯವಾಗಿ ದೊಡ್ಡ ವಿಮಾನಗಳು 10ರಿಂದ 12 ಕಿ.ಮೀ. ಎತ್ತರದಲ್ಲಿ ಹಾರುತ್ತವೆ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಪಟ್ಟಿ ಬೀಸುತ್ತಿರುತ್ತದೆ. ಗಂಟೆಗೆ ನೂರು, ಇನ್ನೂರು ಕಿಲೋಮೀಟರ್ ಮಾಮೂಲು. ಚಳಿಗಾಲದಲ್ಲಿ ಮುನ್ನೂರು ದಾಟುವುದೂ ಉಂಟು. ವಿಮಾನ ಈಜುವುದು ಆ ಗಾಳಿಯೊಳಗೆ. ಹೊಳೆಯಲ್ಲಿ ದೋಣಿ ಹುಟ್ಟು ಹಾಕುವವನಿಗೆ ಹರಿವಿನ ಜೊತೆ ಹೋಗುವುದಕ್ಕೂ ಎದುರು ಹೋಗುವುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ.

ಲೆಕ್ಕ ಹಾಕಿಯೇ ನೋಡೋಣ. ಲಂಡನ್–ನ್ಯೂಯಾರ್ಕ್ 5,540 ಕಿ.ಮೀ. ಗಾಳಿಯೊಳಗೆ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಪೂರ್ವಕ್ಕೆ ಬೀಸುತ್ತಿದೆ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರುವಾಗ ನೆಲದ ಮೇಲಿನ ವೇಗ 1,000 ಆಯಿತು, ಸುಮಾರು ಐದೂವರೆ ಗಂಟೆ. ಅತ್ತ ಹೋಗುವಾಗ ವೇಗ 800ಕ್ಕೆ ಇಳಿಯಿತು, ಆರು ಗಂಟೆ 55 ನಿಮಿಷ. ಏರುವುದು, ಇಳಿಯುವುದು, ನೆಲದ ಮೇಲೆ ಓಡಾಡುವುದನ್ನೆಲ್ಲ ಸೇರಿಸಿದರೆ ನೀವು ಹೇಳಿದ ಏಳು, ಎಂಟು ಗಂಟೆ ಬರುತ್ತದೆ.

ಈಗ ಇದನ್ನೇ ನಮ್ಮ ಕಣ್ಣಿನಿಂದ ನೋಡಿ. ಬರುವಾಗ ವಿಮಾನ ಗಾಳಿಯೊಳಗೆ ಸೀಳಿಕೊಂಡು ಬಂದದ್ದು ಸುಮಾರು 4,990 ಕಿ.ಮೀ. ಹೋಗುವಾಗ ಸುಮಾರು 6,230. ಎಂಜಿನ್ ಇಂಧನ ಸುಡುವುದು ಈ ದೂರಕ್ಕೆ, ನೆಲದ ಮೇಲಿನ 5,540ಕ್ಕೆ ಅಲ್ಲ. ಎರಡರ ನಡುವೆ 1,240 ಕಿ.ಮೀ. ವ್ಯತ್ಯಾಸ ಇದೆ. ಪ್ಲಾನ್ ಹಾಕುವಾಗ ನಾನು ಮೊದಲು ನೋಡುವುದೂ ಈ ಗಾಳಿಯ ದೂರವನ್ನೇ. ಎಷ್ಟೋ ದಿನ ನೆಲದ ಮೇಲೆ 200 ಕಿ.ಮೀ. ಉದ್ದದ ದಾರಿ ಹಿಡಿದರೆ 20 ನಿಮಿಷ ಬೇಗ ತಲುಪುತ್ತದೆ. ಅಂಥ ದಿನ ಉದ್ದದ ದಾರಿಯನ್ನೇ ಆರಿಸುತ್ತೇವೆ. ನಕ್ಷೆಯ ಮೇಲೆ ಚಿಕ್ಕದಾಗಿ ಕಾಣುವ ದಾರಿ ಆ ದಿನದ ಮಟ್ಟಿಗೆ ದುಬಾರಿ ದಾರಿ.

ಉತ್ತರ ಅಟ್ಲಾಂಟಿಕ್ ಮೇಲೆ ಹೀಗಾಗಿಯೇ ದಾರಿಗಳು ದಿನ ದಿನವೂ ಬದಲಾಗುತ್ತವೆ. ಶ್ಯಾನ್‌ವಿಕ್ ಮತ್ತು ಗ್ಯಾಂಡರ್ ನಿಯಂತ್ರಣ ಕೇಂದ್ರಗಳು ಅವತ್ತಿನ ಗಾಳಿ ನೋಡಿಕೊಂಡು ಸಮುದ್ರ ದಾಟುವ ಟ್ರ್ಯಾಕ್‌ಗಳನ್ನು ಪ್ರಕಟಿಸುತ್ತವೆ. ಹಗಲು ಪಶ್ಚಿಮಕ್ಕೆ ಹೋಗುವವರಿಗೆ ಒಂದು ಜೊತೆ, ರಾತ್ರಿ ಪೂರ್ವಕ್ಕೆ ಬರುವವರಿಗೆ ಇನ್ನೊಂದು. ಪಶ್ಚಿಮಕ್ಕೆ ಹೋಗುವವರು ಜೆಟ್ ಸ್ಟ್ರೀಮ್ ತಪ್ಪಿಸಿಕೊಂಡು ಹೋಗುತ್ತಾರೆ, ಪೂರ್ವಕ್ಕೆ ಬರುವವರು ಅದರ ನಡುವಿಗೇ ಬಂದು ಸೇರಿಕೊಳ್ಳುತ್ತಾರೆ.

ಇನ್ನೊಬ್ಬರು: ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿತಲ್ಲ ಮೇಡಂ. ಒಟ್ಟಿನಲ್ಲಿ ಸಮ ಆಗುತ್ತದಾ?

ಉತ್ತರ: ಇಲ್ಲ, ಆಗುವುದಿಲ್ಲ. 5,400 ಕಿ.ಮೀ. ದಾರಿ, 900ರ ವೇಗ, ಗಾಳಿಯೇ ಇಲ್ಲ ಅಂದರೆ ಹೋಗಿ ಬರಲು 12 ಗಂಟೆ ಸರಿಯಾಗಿ. 100ರ ಗಾಳಿ ಇದ್ದರೆ ಬರುವಾಗ 5 ಗಂಟೆ 24 ನಿಮಿಷ, ಹೋಗುವಾಗ 6 ಗಂಟೆ 45 ನಿಮಿಷ. ಕೂಡಿ ನೋಡಿ, 12 ಗಂಟೆ 9 ನಿಮಿಷ. ಎದುರು ಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ, ಅದಕ್ಕೇ ನಷ್ಟವೂ ಜಾಸ್ತಿ. ಗಾಳಿ ಜೋರಾದಷ್ಟೂ ಈ ವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ.

ಇನ್ನೊಬ್ಬರು: 2020ರಲ್ಲಿ ಒಂದು ವಿಮಾನ ಐದು ಗಂಟೆಯೊಳಗೆ ನ್ಯೂಯಾರ್ಕ್‌ನಿಂದ ಲಂಡನ್ ತಲುಪಿತಂತೆ. ಶಬ್ದಕ್ಕಿಂತ ವೇಗವಾಗಿ ಹೋಯಿತು ಅಂತ ಓದಿದ್ದೆ. ನಿಜವಾ?

ಉತ್ತರ: ಐದು ಗಂಟೆಯೊಳಗೆ ತಲುಪಿದ್ದು ನಿಜ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ 4 ಗಂಟೆ 56 ನಿಮಿಷದಲ್ಲಿ ಬಂತು. ಆಗ ಕಿಯಾರಾ ಅನ್ನುವ ಚಂಡಮಾರುತ ಬೀಸುತ್ತಿತ್ತು, ಜೆಟ್ ಸ್ಟ್ರೀಮ್ ಭಾರಿ ಜೋರಾಗಿತ್ತು. ನೆಲದ ಮೇಲಿನ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೆ ಶಬ್ದದ ವೇಗವನ್ನು ಮೀರಿದರು ಅನ್ನುವುದು ತಪ್ಪು. ಆ ಲೆಕ್ಕ ಸುತ್ತಲಿನ ಗಾಳಿಗೆ ಹೋಲಿಸಿ ಹೇಳುವಂಥದ್ದು. ಗಾಳಿಯೊಳಗೆ ಆ ವಿಮಾನ ಎಂದಿನ ವೇಗದಲ್ಲೇ ಇತ್ತು, ಉಳಿದದ್ದನ್ನು ಗಾಳಿಯೇ ತಳ್ಳಿತು. ನಿಜವಾಗಿ ಶಬ್ದದ ವೇಗ ಮೀರಿ ಹಾರಿದ್ದು ಕಾಂಕಾರ್ಡ್. 1996ರ ಫೆಬ್ರವರಿಯಲ್ಲಿ ಅದು ಇದೇ ದಾರಿಯನ್ನು 2 ಗಂಟೆ 53 ನಿಮಿಷದೊಳಗೆ ಮುಗಿಸಿತ್ತು.

ಪ್ರಶ್ನೆ: ಭೂಮಿ ಪೂರ್ವಕ್ಕೆ ತಿರುಗುತ್ತದೆ. ಹಾಗಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರು ಬರಬೇಕಿತ್ತು. ಬೇಗ ತಲುಪಬೇಕಿತ್ತಲ್ಲ? ನನ್ನ ಮಗಳು ಕೇಳಿದಳು, ಉತ್ತರ ಹೇಳಲು ಆಗಲಿಲ್ಲ.

ಉತ್ತರ: ಮಗಳಿಗೆ ಹೀಗೆ ಹೇಳಿ. ಭೂಮಿ ಒಂದೇ ತಿರುಗುವುದಿಲ್ಲ, ಅದರ ಮೇಲಿನ ಗಾಳಿಯೂ ಜೊತೆಗೇ ತಿರುಗುತ್ತದೆ. ಸಮಭಾಜಕದ ಹತ್ತಿರ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಗಾಳಿ ಜೊತೆಗೆ ಬರದೇ ಇದ್ದಿದ್ದರೆ ಅಲ್ಲಿ ನಿಂತವರ ಮುಖಕ್ಕೆ ಅಷ್ಟು ಜೋರಾದ ಗಾಳಿ ಹೊಡೆಯಬೇಕಿತ್ತು. ಒಂದು ಮರವೂ ಉಳಿಯುತ್ತಿರಲಿಲ್ಲ. ರನ್‌ವೇಯಲ್ಲಿ ನಿಂತ ವಿಮಾನವೂ ಆ ವೇಗದಲ್ಲೇ ಸಾಗುತ್ತಿರುತ್ತದೆ. ಮೇಲಕ್ಕೆ ಏರಿದರೂ ಅದು ಕೈಬಿಟ್ಟು ಹೋಗುವುದಿಲ್ಲ.

ಆದರೂ ಅವಳ ಪ್ರಶ್ನೆಯಲ್ಲಿ ಒಂದು ನಿಜ ಇದೆ. ಜೆಟ್ ಸ್ಟ್ರೀಮ್ ಪೂರ್ವಕ್ಕೆ ಬೀಸುವುದಕ್ಕೆ ಭೂಮಿಯ ತಿರುಗುವಿಕೆಯೇ ಒಂದು ಕಾರಣ. ಸಮಭಾಜಕದ ಕಡೆಯ ಬಿಸಿ ಗಾಳಿ ಮೇಲೇರಿ ಧ್ರುವಗಳ ಕಡೆ ಹರಿಯುವಾಗ ಈ ತಿರುಗುವಿಕೆ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಅಂದರೆ ಭೂಮಿ ತಿರುಗುವುದರಿಂದ ಪ್ರಯಾಣದ ಹೊತ್ತು ಬದಲಾಗುವುದು ನಿಜ, ಆದರೆ ಅವಳು ಅಂದುಕೊಂಡದ್ದಕ್ಕೆ ಉಲ್ಟಾ.

ಪ್ರಶ್ನೆ: ಈಗ ನಿಲ್ಲದೆ ಹೋಗುವ ಅತಿ ಉದ್ದದ ಹಾರಾಟ ಸಿಂಗಪುರ–ನ್ಯೂಯಾರ್ಕ್ ಅಲ್ವಾ? ಅದರ ದಾರಿ ಹೇಗೆ ಹಾಕುತ್ತಾರೆ?

ಉತ್ತರ: ಹೌದು, ಸಿಂಗಪುರ–ಜೆಎಫ್‌ಕೆ. ಅತಿ ಚಿಕ್ಕ ದಾರಿಯೇ 15,300 ಕಿ.ಮೀ. ಮೇಲಿದೆ. ಸಿಂಗಪುರ್ ಏರ್‌ಲೈನ್ಸ್ ಇದಕ್ಕೆ ಎ350-900 ಯುಎಲ್‌ಆರ್ ಅನ್ನುವ ವಿಮಾನ ಬಳಸುತ್ತದೆ. ಅದರಲ್ಲಿ 1,65,000 ಲೀಟರ್ ಇಂಧನ ಹಿಡಿಯುತ್ತದೆ. ಹದಿನೆಂಟೂವರೆ ಗಂಟೆಯ ಆಸುಪಾಸಿನ ಪ್ರಯಾಣ.

ಇದರ ದಾರಿ ನನಗೆ ತುಂಬಾ ಇಷ್ಟ. ಈ ಎರಡು ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶದಲ್ಲಿವೆ. ಒಂದು 104 ಡಿಗ್ರಿ ಪೂರ್ವ, ಇನ್ನೊಂದು 74 ಡಿಗ್ರಿ ಪಶ್ಚಿಮ. ಅತಿ ಚಿಕ್ಕ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ. ಹಾಗಾಗಿ ಪೂರ್ವಕ್ಕೆ ತಿರುಗಿದರೂ ಪಶ್ಚಿಮಕ್ಕೆ ತಿರುಗಿದರೂ ದೂರದಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಗಾಳಿಯಲ್ಲಿ ಮಾತ್ರ ಅಜಗಜಾಂತರ. ಅದಕ್ಕೇ ಎಷ್ಟೋ ದಿನ ಸಿಂಗಪುರದಿಂದ ಹೊರಟ ವಿಮಾನ ಜಪಾನ್ ಪಕ್ಕದಿಂದ ಪೆಸಿಫಿಕ್ ದಾಟಿ ಪೂರ್ವಕ್ಕೆ ಹೋಗುತ್ತದೆ. ವಾಪಸ್ ಬರುವಾಗಲೂ ಅಟ್ಲಾಂಟಿಕ್, ಯುರೋಪ್ ದಾಟಿ ಪೂರ್ವಕ್ಕೇ ಬರುತ್ತದೆ. ಹೋಗುವಾಗಲೂ ಬೆನ್ನ ಹಿಂದಿನ ಗಾಳಿ, ಬರುವಾಗಲೂ ಬೆನ್ನ ಹಿಂದಿನ ಗಾಳಿ. ಹೀಗೆ ಹೋಗಿ ಬಂದವರು ಭೂಮಿಗೆ ಒಂದು ಸುತ್ತು ಹಾಕಿದ ಹಾಗಾಯಿತು.

ಎಲ್ಲ ಊರುಗಳಿಗೂ ಈ ಅನುಕೂಲ ಇಲ್ಲ. ದೋಹಾ–ಆಕ್ಲೆಂಡ್ ಸುಮಾರು 14,535 ಕಿ.ಮೀ. ಪೂರ್ವಕ್ಕೆ ಹೋಗುವಾಗ ಹದಿನಾರು ಗಂಟೆ ಚಿಲ್ಲರೆ. ಪಶ್ಚಿಮಕ್ಕೆ ಬರುವಾಗ ಅದೇ ಗಾಳಿ ಎದುರು, ಹದಿನೇಳೂವರೆ ಗಂಟೆ ತಾಗುತ್ತದೆ.

ಪ್ರಶ್ನೆ: ಗಾಳಿಯ ಅಂದಾಜು ತಪ್ಪಿದರೆ? ಸಮುದ್ರದ ನಡುವೆ ಇಂಧನ ಸಾಲದೆ ಹೋದರೆ ಅಂತ ಭಯ ಆಗುತ್ತದೆ.

ಉತ್ತರ: ಭಯ ಬೇಡ. ವಿಮಾನಯಾನಕ್ಕೆ ಗಾಳಿಯ ಮುನ್ಸೂಚನೆ ಕೊಡಲೆಂದೇ ಲಂಡನ್ ಮತ್ತು ವಾಷಿಂಗ್ಟನ್‌ನಲ್ಲಿ ಎರಡು ಜಾಗತಿಕ ಕೇಂದ್ರಗಳಿವೆ. ಆರಾರು ಗಂಟೆಗೆ ಹೊಸ ಲೆಕ್ಕ ಬರುತ್ತದೆ, ಮತ್ತು ಅದು ಬಹಳ ಮಟ್ಟಿಗೆ ನಿಖರವಾಗಿರುತ್ತದೆ.

ಆದರೂ ಅದನ್ನೇ ನಂಬಿಕೊಂಡು ಯಾರೂ ಹೊರಡುವುದಿಲ್ಲ. ನಾನು ಬರೆಯುವ ಇಂಧನದ ಪಟ್ಟಿಯಲ್ಲಿ ಸಾಲು ಸಾಲಾಗಿ ಇಷ್ಟಿರುತ್ತದೆ. ಇಳಿಯುವವರೆಗೆ ಬೇಕಾದಷ್ಟು. ಅಂದಾಜು ತಪ್ಪಿದರೆ ಅಂತ ಅದರ ಮೇಲೆ ಇಂತಿಷ್ಟು, ಸಾಮಾನ್ಯವಾಗಿ ಶೇ. 5. ಇಳಿಯಬೇಕಾದ ನಿಲ್ದಾಣ ಮಂಜಿನಿಂದ ಮುಚ್ಚಿದರೆ ಬೇರೊಂದು ನಿಲ್ದಾಣಕ್ಕೆ ಹೋಗುವಷ್ಟು. ಇದೆಲ್ಲ ಮುಗಿದ ಮೇಲೂ ಅಲ್ಲಿ ಇನ್ನೂ 30 ನಿಮಿಷ ಸುತ್ತುತ್ತಾ ಇರುವಷ್ಟು. ಆ ಕೊನೆಯ ಅರ್ಧ ಗಂಟೆಯ ಇಂಧನ ಮುಟ್ಟುವ ಪರಿಸ್ಥಿತಿ ಬರುತ್ತಿದೆ ಅಂತ ಕಂಡರೆ ಪೈಲಟ್ ತುರ್ತು ಸ್ಥಿತಿ ಘೋಷಿಸಬೇಕು. ದಾರಿಯುದ್ದಕ್ಕೂ ಪ್ರತಿ ಬಿಂದು ದಾಟಿದಾಗ ಉಳಿದ ಇಂಧನವನ್ನು ಪ್ಲಾನ್ ಜೊತೆ ತಾಳೆ ನೋಡುತ್ತಾರೆ. ಕೆಳಗೆ ಕೂತ ನಾವೂ ನೋಡುತ್ತಿರುತ್ತೇವೆ. ಕೊರತೆ ಆಗುವಂತಿದ್ದರೆ ಗಂಟೆಗಟ್ಟಲೆ ಮೊದಲೇ ಗೊತ್ತಾಗುತ್ತದೆ.

ಪ್ರಶ್ನೆ: ತಡವಾಗಿ ಹೊರಟ ವಿಮಾನ ದಾರಿಯಲ್ಲಿ ವೇಗ ಹೆಚ್ಚಿಸಿ ಸರಿಮಾಡಿಕೊಳ್ಳುತ್ತದಾ?

ಉತ್ತರ: ತೀರಾ ಸ್ವಲ್ಪ. ದೊಡ್ಡ ವಿಮಾನಗಳು ಶಬ್ದದ ವೇಗದ ಶೇ. 85ರ ಹತ್ತಿರ ಹಾರುತ್ತವೆ. ಅದನ್ನು 86ಕ್ಕೆ ಏರಿಸಿದರೆ 14 ಗಂಟೆಯ ಹಾರಾಟದಲ್ಲಿ ಉಳಿಯುವುದು ಹತ್ತು ನಿಮಿಷ. ಇಂಧನ ಮಾತ್ರ ಸಾಕಷ್ಟು ಜಾಸ್ತಿ ಖರ್ಚಾಗುತ್ತದೆ. ತಡವಾಗಿ ಹೊರಟೂ ಸಮಯಕ್ಕೆ ಸರಿಯಾಗಿ ತಲುಪಿದರೆ ಅದು ಹೆಚ್ಚಾಗಿ ಗಾಳಿಯ ಸಹಾಯ, ಇಲ್ಲವೇ ವೇಳಾಪಟ್ಟಿಯಲ್ಲೇ ಬಿಟ್ಟಿದ್ದ ಹೆಚ್ಚುವರಿ ಸಮಯ.

ಪ್ರಶ್ನೆ: ಮೇಡಂ, 74 ವರ್ಷದ ನನ್ನ ತಂದೆಯನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಟಿಕೆಟ್‌ನಲ್ಲಿ 12 ಗಂಟೆ 40 ನಿಮಿಷ ಅಂತಿದೆ. ಮೊನ್ನೆ ಅದೇ ವಿಮಾನದಲ್ಲಿ ಹೋದ ಸ್ನೇಹಿತರು ಪೈಲಟ್ 11 ಗಂಟೆ 50 ನಿಮಿಷ ಅಂದರು ಅಂತಾರೆ. ಮುಂದಿನ ವಿಮಾನ ಹಿಡಿಯಲು ನಮಗೆ ಒಂದೂವರೆ ಗಂಟೆ ಇದೆ. ಯಾವುದರ ಮೇಲೆ ಲೆಕ್ಕ ಹಾಕಲಿ?

ಉತ್ತರ: ಟಿಕೆಟ್ ಮೇಲಿನದ್ದರ ಮೇಲೆ. ಪೈಲಟ್ ಹೇಳುವುದು ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಸಮಯ. ಟಿಕೆಟ್‌ನಲ್ಲಿರುವುದು ಬ್ಲಾಕ್ ಟೈಮ್. ಅಂದರೆ ವಿಮಾನ ಗೇಟ್ ಬಿಟ್ಟು ಹಿಂದಕ್ಕೆ ಸರಿದ ಕ್ಷಣದಿಂದ ಅಲ್ಲಿ ಹೋಗಿ ಗೇಟಿನಲ್ಲಿ ನಿಲ್ಲುವವರೆಗೆ. ನಡುವೆ ಟ್ಯಾಕ್ಸಿಯಿಂಗ್, ಅಂದರೆ ಗೇಟ್ ಮತ್ತು ರನ್‌ವೇ ನಡುವಿನ ಓಡಾಟ ಇದೆ, ರನ್‌ವೇಗಾಗಿ ಸರದಿ ಕಾಯುವುದಿದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪೋಲ್ಡರ್‌ಬಾನ್ ಅನ್ನುವ ರನ್‌ವೇ ಎಷ್ಟು ದೂರ ಅಂದರೆ, ಇಳಿದ ಮೇಲೆ ಗೇಟಿಗೆ ಬರುವುದಕ್ಕೇ ಹತ್ತರಿಂದ ಇಪ್ಪತ್ತು ನಿಮಿಷ ಬೇಕು.

ಇನ್ನೊಂದು ವಿಷಯ. ವಿಮಾನ ಸಂಸ್ಥೆಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಚಳಿಗಾಲದ ಗಾಳಿ ಬೇರೆ, ಬೇಸಿಗೆಯದು ಬೇರೆ. ಆ ಕಾಲದಲ್ಲಿ ಬಹುಪಾಲು ದಿನ ಸಾಕಾಗುವಂತೆ ಸಮಯ ಇಟ್ಟಿರುತ್ತಾರೆ. ನಿಮ್ಮ ಸ್ನೇಹಿತರಿಗೆ ಒಳ್ಳೆಯ ದಿನ ಸಿಕ್ಕಿದೆ.

ತಂದೆಯವರ ಜೊತೆ ಒಂದೂವರೆ ಗಂಟೆ ನನಗೆ ಸಾಲದು ಅನ್ನಿಸುತ್ತದೆ. ಗೇಟಿನಲ್ಲಿ ನಿಂತ ಮೇಲೆ ಇಳಿಯುವುದಕ್ಕೇ ಹೊತ್ತಾಗುತ್ತದೆ. ವೀಲ್‌ಚೇರ್ ಕೇಳಿದ್ದರೆ ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಸುತ್ತಾರೆ. ಮತ್ತೆ ತಪಾಸಣೆ ಇರುತ್ತದೆ. ಮುಂದಿನ ವಿಮಾನದ ಬಾಗಿಲು ಹೊರಡುವ ಸಮಯಕ್ಕಿಂತ ಮೊದಲೇ ಮುಚ್ಚುತ್ತದೆ. ಮೂರು ಗಂಟೆ ಇರುವ ಜೋಡಣೆ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ, ಆಗ ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಅವರದ್ದು. ಆ ಫ್ಲೈಟ್ ನಂಬರ್ ಹಾಕಿ ಹಿಂದಿನ ಎರಡು ವಾರ ಎಷ್ಟು ಹೊತ್ತಿಗೆ ತಲುಪಿದೆ ಅಂತ ಯಾವುದಾದರೂ ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ನೋಡಿ.

ಪ್ರಶ್ನೆ: ಟೋಕಿಯೋದಲ್ಲಿ ಸಂಜೆ 5ಕ್ಕೆ ಹೊರಟು ಲಾಸ್ ಏಂಜಲೀಸ್‌ಗೆ ಅದೇ ದಿನ ಬೆಳಿಗ್ಗೆ 10ಕ್ಕೆ ತಲುಪುತ್ತದೆ ಅಂತ ತೋರಿಸುತ್ತಿದೆ. ಇದು ತಪ್ಪು ಅಚ್ಚಾಗಿದೆಯಾ?

ಉತ್ತರ: ಸರಿಯಾಗೇ ಇದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನದು. ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ಬದಲಿಸಿಕೊಂಡರೆ ಗೊಂದಲ ಇರುವುದಿಲ್ಲ. ಟೋಕಿಯೋ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ ಸಂಜೆ 5 ಅಂದರೆ ಯುಟಿಸಿ ಬೆಳಿಗ್ಗೆ 8. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ, ಅಲ್ಲಿಯ ಬೆಳಿಗ್ಗೆ 10 ಅಂದರೆ ಯುಟಿಸಿ ಸಂಜೆ 6. ಕಳೆಯಿರಿ, 10 ಗಂಟೆ ಪ್ರಯಾಣ. ನಡುವೆ ದಿನಾಂಕ ರೇಖೆ ದಾಟಿದ್ದರಿಂದ ತಾರೀಖು ಹಾಗೆ ಕಾಣುತ್ತದೆ. ನಮ್ಮ ಕಚೇರಿಯ ಗಡಿಯಾರಗಳು, ಪ್ಲಾನ್‌ಗಳು ಎಲ್ಲ ಯುಟಿಸಿಯಲ್ಲೇ ಓಡುತ್ತವೆ.

ಅಮೆರಿಕದಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಜಪಾನ್‌ನಲ್ಲಿ ಇಡುವುದಿಲ್ಲ. ಆ ಒಂದು ಗಂಟೆಯನ್ನು ಮರೆಯಬೇಡಿ.

ಪ್ರಶ್ನೆ: ಟಿಬೆಟ್ ಮೇಲೆ ವಿಮಾನಗಳೇ ಕಾಣುವುದಿಲ್ಲ ಅಂತಾರೆ. ಕೆಲವು ಸಮುದ್ರಗಳ ಮೇಲೂ ಕಡಿಮೆ. ಚಿಕ್ಕ ದಾರಿ ಇದ್ದರೂ ಯಾಕೆ ಹೋಗುವುದಿಲ್ಲ?

ಉತ್ತರ: ಕಾರಣಗಳು ಬೇರೆ ಬೇರೆ. ಟಿಬೆಟ್‌ನ ವಿಷಯದಲ್ಲಿ ಆಕ್ಸಿಜನ್. ಕ್ಯಾಬಿನ್ ಒತ್ತಡ ಇಳಿದುಹೋದರೆ ಮಾಸ್ಕ್ ಬೀಳುತ್ತದಲ್ಲ, ಬಹಳ ವಿಮಾನಗಳಲ್ಲಿ ಪ್ರಯಾಣಿಕರ ಆ ಆಕ್ಸಿಜನ್ ಸುಮಾರು ಕಾಲು ಗಂಟೆಗೆ ಮಾತ್ರ. ಅಷ್ಟರೊಳಗೆ 10,000 ಅಡಿಗೆ, ಅಂದರೆ 3 ಕಿ.ಮೀ. ಎತ್ತರಕ್ಕೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ಇಳಿಯಲು ಕೆಳಗೆ ಜಾಗವೇ ಇಲ್ಲ. ಅಲ್ಲಿ ಹೋಗುವ ಹಾರಾಟಗಳಿಗೆ ಯಾವ ಬಿಂದುವಿನಿಂದ ಯಾವ ಕಡೆ ತಪ್ಪಿಸಿಕೊಂಡು ಇಳಿಯಬೇಕು ಅಂತ ಮೊದಲೇ ದಾರಿ ಗುರುತಿಸಿ ಕೊಡಬೇಕಾಗುತ್ತದೆ.

ಸಮುದ್ರದ ಮೇಲೆ ಇಟಾಪ್ಸ್ ನಿಯಮ. ಎರಡು ಎಂಜಿನ್‌ನ ವಿಮಾನದಲ್ಲಿ ಒಂದು ನಿಂತರೂ ಉಳಿದ ಒಂದರಲ್ಲೇ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು. ಹಿಂದೆ 60 ನಿಮಿಷ ಇತ್ತು. 1985ರಲ್ಲಿ 120, ಆಮೇಲೆ 180 ಆಯಿತು. ಈಗ ಕೆಲವು ವಿಮಾನಗಳಿಗೆ 330 ನಿಮಿಷ, ಅದಕ್ಕಿಂತ ಜಾಸ್ತಿಯೂ ಇದೆ. ಈ ಅಂಕಿ ಬೆಳೆದಷ್ಟೂ ದಾರಿ ನೇರವಾಗುತ್ತಾ ಬಂದಿದೆ. ಸಿಡ್ನಿ–ಸ್ಯಾಂಟಿಯಾಗೋ ದಾರಿಯಲ್ಲಿ ಎರಡು ಎಂಜಿನ್‌ನ ವಿಮಾನ ಹಾರುವುದು ಇದರಿಂದಲೇ ಸಾಧ್ಯವಾಯಿತು.

ಎಲ್ಲಕ್ಕಿಂತ ದೊಡ್ಡ ಕಾರಣ ದೇಶಗಳ ಆಕಾಶ. ಹೆಲ್ಸಿಂಕಿ–ಟೋಕಿಯೋ ಚಿಕ್ಕ ದಾರಿ ಸುಮಾರು 7,800 ಕಿ.ಮೀ., ರಷ್ಯಾದ ಮೇಲೆ ಒಂಬತ್ತೂವರೆ ಗಂಟೆಯ ಪ್ರಯಾಣ. 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಫಿನ್ಏರ್ ವಿಮಾನಗಳು ಉತ್ತರ ಧ್ರುವ ದಾಟಿ, ಅಲಾಸ್ಕಾ ಕಡೆಯಿಂದ ಇಳಿದು ಹೋಗತೊಡಗಿದವು. ಸುಮಾರು 13 ಗಂಟೆ. ಸೋವಿಯತ್ ಕಾಲದಲ್ಲೂ ಹೀಗೇ ಇತ್ತು. 1983ರಲ್ಲಿ ಇದೇ ಸಂಸ್ಥೆ ಇದೇ ಧ್ರುವದ ದಾರಿಯಲ್ಲಿ ಟೋಕಿಯೋಗೆ ನೇರ ಹಾರಾಟ ಶುರು ಮಾಡಿತ್ತು. ಊರುಗಳು ಕದಲಿಲ್ಲ, ಪ್ರಯಾಣಕ್ಕೆ ಮೂರೂವರೆ ಗಂಟೆ ಸೇರಿತು. ದೂರ ಕೊಡುವ ಕ್ಯಾಲ್ಕುಲೇಟರ್‌ಗಳಿಗೆ ಇದು ಯಾವುದೂ ಗೊತ್ತಿರುವುದಿಲ್ಲ.

ಪ್ರಶ್ನೆ: ದೂರ ಗೊತ್ತಿದ್ದರೆ ಸಮಯವನ್ನು ನಾವೇ ಅಂದಾಜು ಮಾಡಲು ಸುಲಭ ಲೆಕ್ಕ ಇದೆಯಾ?

ಉತ್ತರ: ಇದೆ. ಕಿಲೋಮೀಟರನ್ನು 900ರಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿ. ಅಟ್ಲಾಂಟಿಕ್, ಪೆಸಿಫಿಕ್‌ನಂಥ ಕಡೆ ಪಶ್ಚಿಮಕ್ಕೆ ಹೋಗುವುದಾದರೆ ಬಂದದ್ದಕ್ಕೆ ಶೇ. 10 ಸೇರಿಸಿ, ಪೂರ್ವಕ್ಕಾದರೆ ಅಷ್ಟು ಕಳೆಯಿರಿ. ಉತ್ತರ–ದಕ್ಷಿಣ ಹಾರಾಟಕ್ಕೆ ಏನೂ ಮಾಡಬೇಡಿ. ಬ್ಲಾಕ್ ಟೈಮ್ ಬೇಕಾದರೆ ಇನ್ನೊಂದು ಅರ್ಧ, ಮುಕ್ಕಾಲು ಗಂಟೆ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹಾಕಿ ನೋಡಿ, ಏಳೂಕಾಲು ಗಂಟೆ ಹಾರಾಟ ಬರುತ್ತದೆ. ನಿಜಕ್ಕೆ ಬಹಳ ಹತ್ತಿರ.

ಪ್ರಶ್ನೆ: ಕೊನೆಯದಾಗಿ ಒಂದು. ಭೂಮಿಯ ಮೇಲೆ ಯಾವ ಎರಡು ಊರಿಗೂ 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರಲು ಸಾಧ್ಯ ಇಲ್ಲ. ಹಾಗಾದರೆ ಎಲ್ಲ ಊರಿಗೂ ನಿಲ್ಲದೆ ಹೋಗುವ ಕಾಲ ಬರುತ್ತದಾ? ಸಿಡ್ನಿ–ಲಂಡನ್ ಯಾವಾಗ?

ಉತ್ತರ: ಅಡ್ಡಿ ಇಂಧನದ ತೂಕದ್ದು. ಒಂದು ಟನ್ ಇಂಧನ ಜಾಸ್ತಿ ಹೊತ್ತುಕೊಂಡು 15 ಗಂಟೆ ಹಾರಿದರೆ, ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಅದನ್ನು ಹೊರುವುದಕ್ಕೇ ಸುಟ್ಟು ಹೋಗುತ್ತದೆ. ದೂರ ಹೆಚ್ಚಿದ ಹಾಗೆ ಈ ಪಾಲು ಬೆಳೆಯುತ್ತದೆ. ಅದಕ್ಕೆ ಜಾಗ ಮಾಡಲು ಪ್ರಯಾಣಿಕರನ್ನು, ಸರಕನ್ನು ಕಡಿಮೆ ಮಾಡಬೇಕಾಗುತ್ತದೆ.

ಸಿಡ್ನಿ–ಲಂಡನ್ ಚಿಕ್ಕ ದಾರಿ ಸುಮಾರು 17,000 ಕಿ.ಮೀ. 2019ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಸ್ ಲಂಡನ್‌ನಿಂದ ಸಿಡ್ನಿಗೆ ಪರೀಕ್ಷೆಗೆಂದು ಒಂದು ಬೋಯಿಂಗ್ 787 ವಿಮಾನ ಹಾರಿಸಿತು. 19 ಗಂಟೆ 19 ನಿಮಿಷ ಹಿಡಿಯಿತು. ಒಳಗಿದ್ದವರು ಐವತ್ತರ ಆಸುಪಾಸು ಮಾತ್ರ, ಇಲ್ಲದಿದ್ದರೆ ತೂಕ ಹೊಂದುತ್ತಿರಲಿಲ್ಲ. ಈಗ ಅದೇ ಸಂಸ್ಥೆ ಈ ದಾರಿಗೆಂದು 20,000 ಲೀಟರ್‌ನ ಹೆಚ್ಚುವರಿ ಟ್ಯಾಂಕ್ ಇರುವ ಎ350-1000 ಮಾಡಿಸುತ್ತಿದೆ. 22 ಗಂಟೆಯವರೆಗೆ ಹಾರುವಂಥದ್ದು.

ಪರೀಕ್ಷೆಯ ಹಾರಾಟ ಯಾವ ದಿಕ್ಕಿಗಿತ್ತು ಅನ್ನುವುದನ್ನು ಗಮನಿಸಿ. ಅವರು ಲಂಡನ್‌ನಿಂದ ಪೂರ್ವಕ್ಕೆ ಬಂದರು, ಗಾಳಿ ಬೆನ್ನ ಹಿಂದಿತ್ತು. ಕಷ್ಟದ್ದು ಸಿಡ್ನಿಯಿಂದ ಲಂಡನ್‌ಗೆ ಹೋಗುವುದು, ಅದೂ ಚಳಿಗಾಲದಲ್ಲಿ, ಯುರೋಪಿನ ಕಡೆಯಿಂದ ಜೆಟ್ ಸ್ಟ್ರೀಮ್ ಎದುರು ಬೀಸುವಾಗ. ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಸೀಟು ಎಷ್ಟಿರಬೇಕು ಅಂತ ತೀರ್ಮಾನಿಸುವುದು ಅಂಥ ಹಾರಾಟವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ. ಡಿಸೆಂಬರ್, ಜನವರಿಯ ಕೆಟ್ಟ ಗಾಳಿಯಲ್ಲೂ ಪೂರ್ತಿ ಪ್ರಯಾಣಿಕರ ಜೊತೆ ಲಂಡನ್ ತಲುಪುವಂತಾದರೆ ವಾಪಸ್ ಬರುವ ದಾರಿಯ ಬಗ್ಗೆ ಡಿಸ್ಪ್ಯಾಚರ್‌ಗೆ ಚಿಂತೆ ಇರುವುದಿಲ್ಲ.